ಒತ್ತಡ ನಿವಾರಣಾ ಶಿಬಿರದಲ್ಲಿ ಒದರಿದ ಕುರಿಮರಿ

೧.
ಹೇಗೆ ಶುರು ಮಾಡಲಿ? ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದು ಶುರು ಮಾಡಿದರೆ ಸೀಮಾ ಈ ಹಾಳೆಯನ್ನೇ ಹರಿದುಹಾಕುತ್ತಾಳೆ. ಮಹಾರಾಷ್ಟ್ರದ ಗಡಿಯ ಮುರುಮದ ಒಂದು ಖಾಸಗಿ ಶಾಲೆಯ ಗಣಿತದ ಟೀಚರ್ ಅವಳು. ವಯಸ್ಸು ಮೂವತ್ತನಾಲ್ಕು, ಬಿ.ಪಿ. ನೂರಾ ಅರವತ್ತು. ಉದಗೀರದ ಡಾಕ್ಟರು ಹೇಳಿದ್ದು ಒಂದೇ ಮಾತು: ವಾರಕ್ಕೊಂದು ದಿನವಾದರೂ ಮಲಗಿ. ಆ ಒಂದು ದಿನ ರವಿವಾರ. ಅದನ್ನೇ ಶಾಲೆ ಕಿತ್ತುಕೊಂಡಿತು. ಯಾತಕ್ಕೆ? ಒತ್ತಡ ನಿವಾರಣಾ ಶಿಬಿರಕ್ಕೆ! ಪ್ರತಿ ರವಿವಾರ, ಹಾಜರಿ ಕಡ್ಡಾಯ. ಶಾಂತವಾಗಿ ಉಸಿರಾಡುತ್ತಿರುವ ಫೋಟೋ ಗ್ರೂಪಿಗೆ ಹಾಕಬೇಕು.

(ನಡೆದದ್ದನ್ನೇ ಹೇಳುತ್ತಿದ್ದೇನೆ, ಆಣೆ. ಕಥೆಗಾರನ ಆಣೆಗೆ ಕಿಮ್ಮತ್ತೆಷ್ಟು ಎಂದು ಕೇಳಬೇಡಿ.)

೨.
ಸೀಮಾ ಕಣ್ಣು ಮುಚ್ಚಿದಳು. ಕಿಟಕಿಯಾಚೆ ಹಕ್ಕಿಯೊಂದು ಹಾಡಿತು. ಅವಳ ಮನಸ್ಸು ತಿಳಿಯಾದ ಕೊಳ...

“ಏ, ಹೊಡದ ಹಾಕ ಅದನ್ನ!” ಎಂದಳು ಸೀಮಾ. “ಇಲ್ಲಿ ನನ್ನ ತಲಿ ಸಿಡೀಲಕತ್ತದ, ನೀ ಹಕ್ಕಿ ಹಾಡಸ್ಲಕತ್ತೀ?”

ಆ ಸಾಲುಗಳನ್ನು ಹೊಡೆದು ಹಾಕಿದೆ.

೨. (ಮತ್ತೆ)
ಐದನೇ ರವಿವಾರ. ಹಾಲ್‌ನಲ್ಲಿ ಜಮಖಾನೆ, ಅದರ ಮೇಲೆ ಹನ್ನೆರಡು ಟೀಚರುಗಳು, ಎಲ್ಲರೆದುರು ಹೆಡ್‌ಮಾಸ್ತರ ರೇವಣಸಿದ್ಧ. ಸೀಮಾಳ ಪರ್ಸಿನಲ್ಲಿ ಹನ್ನೆರಡೂ ಮಂದಿ ಸಹಿ ಮಾಡಿದ ಅರ್ಜಿ: ನಮ್ಮ ರವಿವಾರ ನಮಗೆ ಕೊಡಿ. ನಾಲ್ಕು ಸಲ ಕೊಟ್ಟಿದ್ದಾಳೆ. ನಾಲ್ಕು ಸಲವೂ ಒಂದೇ ಉತ್ತರ: “ಮನಸ್ಸ ಶಾಂತ ಇಟ್ಕೋರಿ ಮೇಡಂ. ಆಮ್ಯಾಲ ನೋಡೋಣು.”

(ಹೆಡ್‌ಮಾಸ್ತರರ ಈ ದನಿಯನ್ನು ಸೀಮಾ ಸ್ಟಾಫ್‌ರೂಮಿನಲ್ಲಿ ಎಷ್ಟು ಚೆನ್ನಾಗಿ ತೆಗೆಯುತ್ತಾಳೆಂದರೆ, ಒಮ್ಮೆ ಸಿಪಾಯಿ ಹೊರಗಿನಿಂದಲೇ “ಬಂದೆನ್ರೀ ಸರ್” ಎಂದಿದ್ದ.)

ಲಾತೂರಿನಿಂದ ಬಂದ ತರಬೇತಿಯ ಮೀನಲ ಮೇಡಂ ಮರಾಠಿಯಲ್ಲಿ ಮೆಲ್ಲಗೆ, “ಡೋಳೆ ಮಿಟಾ,” ಎಂದರು. ಎಲ್ಲರೂ ಕಣ್ಣು ಮುಚ್ಚಿದರು. “ಈಗ ಮನಸ್ಸಿನಲ್ಲೇ ಕುರಿಗಳನ್ನು ಎಣಿಸಿ. ಏಕ್... ದೋನ್...”

ಕುರಿ ಎಣಿಸಿದರೆ ನಿದ್ದೆ ಬರುತ್ತದೆ ಎಂದವನು ಕುರಿ ಕಾದವನಲ್ಲ. ರೇವಣಸಿದ್ಧರು ದಾಳಿಂಬ ಎಂಬ ಊರಿನವರು, ಕುರುಬರ ದೇವರು ಬೀರಪ್ಪನ ಒಕ್ಕಲು. ಅಪ್ಪ ಬಕ್ಕಪ್ಪನ ಹಿಂಡಿನ ಹಿಂದೆ ಬೆಳೆದವರು. ಅಂಥ ಮನೆಯಲ್ಲಿ ಕುರಿ ಎಣಿಸುವುದು ಯಾವುದು ತಪ್ಪಿಸಿಕೊಂಡಿದೆ ಎಂದು ಹುಡುಕಲಿಕ್ಕೆ. ಸೀಮಾಳದೂ ಅಂಥದೇ ಮನೆ. ಹಿಂಡು ತಪ್ಪಿದ ಮರಿಯ ಕೂಗು ಕೇಳಿ ಕೂತೇ ಇದ್ದವರನ್ನು ಅವಳು ಕಂಡಿಲ್ಲ.

೩.
“ಸತ್ತಾವೀಸ...” ಎಂದರು ಮೀನಲ. ಇಪ್ಪತ್ತೇಳನೇ ಕುರಿ.

ಸೀಮಾ ಬಾಯಿಗೆ ಕೈ ಅಡ್ಡ ಹಿಡಿದಳು.

“ಮ್ಯಾಂ...”

ಸಣ್ಣ ದನಿ, ನಡುವೆ ಮುರಿದದ್ದು, ತಾಯಿ ಕಾಣದ್ದು.

ರೇವಣಸಿದ್ಧರು ಧಡಕ್ಕನೆ ಎದ್ದರು. “ಏ, ಒಂದ್ ಹಿಂದ ಉಳದದ ನೋಡ್ರೋ!” ಎನ್ನುತ್ತ ಕಾಲುಚೀಲದಲ್ಲೇ ಅಂಗಳಕ್ಕೆ ಓಡಿದರು. ನೀರಿನ ಟಾಕಿಯ ಹಿಂದೆ ನೋಡಿದರು. ಸ್ಕೂಟಿಯ ಕೆಳಗೆ ಬಗ್ಗಿ, “ಬಾ ನಮ್ಮವ್ವ, ಬಾ, ಅಂಜಬ್ಯಾಡ,” ಎಂದರು. ಐದು ವಾರಗಳಲ್ಲಿ ಆ ದನಿಯಲ್ಲಿ ಅವರು ಯಾರನ್ನೂ ಮಾತಾಡಿಸಿರಲಿಲ್ಲ.

ಬಾಗಿಲಲ್ಲಿ ನಿಂತು ಸೀಮಾ ಇನ್ನೊಮ್ಮೆ ಒದರಿದಳು. ಅವರು ತಿರುಗಿ ನೋಡಿದರು.

೪.
ಮುಕ್ತಾಯ ಒಂದು: ಮೆಮೊ. (ಬೇಡ. ಅದು ದಿನಾ ಬರುವುದೇ.)

ಮುಕ್ತಾಯ ಎರಡು: ಅವರ ಕಣ್ಣು ತೆರೆಯಿತು, ಶಿಬಿರ ರದ್ದಾಯಿತು. (“ಅಂಥಾ ಸಾಲಿ ಎಲ್ಲದ? ತೋರ್ಸು, ನಾಳೀನೇ ಅಲ್ಲಿ ಹೋಗ್ತೀನಿ,” ಎಂದಳು ಸೀಮಾ.)

ಆದದ್ದಿಷ್ಟು: ಹನ್ನೊಂದು ಟೀಚರುಗಳು ಬಿದ್ದು ಬಿದ್ದು ನಕ್ಕರು. ಸೀಮಾ ನಗಲಿಲ್ಲ. ಅಂಗಳಕ್ಕಿಳಿದು ಅರ್ಜಿ ಮುಂದೆ ಹಿಡಿದಳು.

“ಸರ್, ಮರಿ ಒದರಿದ್ರ ಬೂಟ್ ಇಲ್ದೇ ಓಡಿ ಬಂದ್ರಿ. ನಾವ್ ಹನ್ನೆರಡ ಮಂದಿ ತಿಂಗಳಾತು ಒದರಲಕತ್ತೀವಿ.”

ರೇವಣಸಿದ್ಧರು ಅವಳನ್ನು ನೋಡಿದರು, ತಮ್ಮ ಕಾಲುಚೀಲ ನೋಡಿದರು, ನೆಲಕ್ಕೆ ಕೂತರು. ನಕ್ಕರು. ಹೊಟ್ಟೆ ಹಿಡಿದುಕೊಂಡು, ಹನ್ನೊಂದು ಮಂದಿಯ ನಗು ಮುಳುಗಿಹೋಗುವಷ್ಟು ಜೋರಾಗಿ. ಕಣ್ಣಲ್ಲಿ ನೀರು. ಕೈ ಚಾಚಿದರು, ಅರ್ಜಿಗೋ, ಯಾರಾದರೂ ಎಬ್ಬಿಸಲೆಂದೋ, ಹೇಳಲಾರೆ.

ಮುಂದಿನದು ಬರೆಯಲು ನಾನು ಪೆನ್ನು ಎತ್ತಿದೆ.

“ತಡಿ,” ಎಂದಳು ಸೀಮಾ. “ಏನೂ ಬರೀಬ್ಯಾಡ. ಅವರ ನಗು ನಿಂದರಲಿ. ಉತ್ತರ ಸಿಗೂತನ ನಾ ಇಲ್ಲೇ ಇರ್ತೀನಿ.”

ಅವರು ಇನ್ನೂ ನಗುತ್ತಿದ್ದಾರೆ.