ಒಳ್ಳೆಯ ಆರುನೂರು ವ್ಯಾಟ್

ಯಾರು ಯಾವುದನ್ನು ಹೊಗಳಿದರೂ ಜಿಯಾನ್ ಶು-ಫೆಂಗ್ ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಬಿಸಿಯಲ್ಲಿ?" ಹೊಸ ಪವರ್ ಸಪ್ಲೈಯನ್ನು ಮಾರಾಟ ವಿಭಾಗದವರು ಕೊಂಡಾಡುವಾಗ ಅದು ಸಹಜವಾದ ಪ್ರಶ್ನೆಯೇ, ಕಂಪ್ಯೂಟರಿಗೆ ವಿದ್ಯುತ್ತನ್ನು ಹದಗೊಳಿಸಿ ಉಣಿಸುವ ಆ ಪೆಟ್ಟಿಗೆ ಕಾದಷ್ಟೂ ಸೋಲುತ್ತದೆ, ತಣ್ಣನೆಯ ಕೋಣೆಯಲ್ಲಿ ಎಲ್ಲವೂ ವೀರರೇ. ಆದರೆ ತಮ್ಮನ ಮದುವೆಯ ಔತಣದಲ್ಲಿ ನೆಂಟರೊಬ್ಬರು ವರನ ತಾಳ್ಮೆಯನ್ನು ಶ್ಲಾಘಿಸಿದಾಗಲೂ ಅವರು ಹಾಗೆಯೇ ಕೇಳಿದ್ದರಂತೆ.

ತೈಪೆಯ ಮಗ್ಗುಲಿನ ಝೊಂಗ್‌ಹೆಯಲ್ಲಿ ನಮ್ಮ ಕಂಪನಿಯ ಪರೀಕ್ಷಾಲಯವಿತ್ತು. ಅಲ್ಲಿ ಇಪ್ಪತ್ತಾರು ವರ್ಷ ಯಂತ್ರಗಳನ್ನು ಎಳೆದಾಡಿ ಅವರ ಬಲಹೆಗಲು ಇಳಿದುಹೋಗಿತ್ತು. ನಡೆಯುವಾಗ, ಕಾಣದ ಚೀಲವೊಂದನ್ನು ಹೊತ್ತವರಂತೆ, ಒಂದು ಪಕ್ಕಕ್ಕೆ ವಾಲುತ್ತಿದ್ದರು. ಬೂದುಬಣ್ಣದ ಕೋಟಿನ ತೋಳಂಚಿನ ತುಂಬ ಬೆಸುಗೆಯ ಕಿಡಿ ಸುಟ್ಟ ತೂತುಗಳು. ಅಳೆಯದ ಮಾತನ್ನು ನಂಬದ ಈ ಹೆಂಗಸು, ಯಂತ್ರಗಳು ತಂಟೆ ಮಾಡದಿರಲೆಂದು ಅವುಗಳ ನೆತ್ತಿಯ ಮೇಲೆ ನಾವೆಲ್ಲ ಇಡುವ ಹಸಿರು ಪೊಟ್ಟಣದ ಕುರುಕಲು ತಿಂಡಿಯನ್ನು ಮಾತ್ರ ಅವಧಿ ಮುಗಿಯುವ ಮೊದಲೇ ತಪ್ಪದೆ ಬದಲಿಸುತ್ತಿದ್ದರು. ನಾವು ನಕ್ಕರೆ, "ಪೊಟ್ಟಣದ ಮೇಲೆ ತಾರೀಖು ಬರೆದಿದಾರಲ್ಲ, ಬರೆದದ್ದಕ್ಕೆ ಬೆಲೆ ಬೇಡ್ವಾ?" ಎಂದು ನಮ್ಮನ್ನೇ ಗದರುತ್ತಿದ್ದರು.

ಏಳುನೂರೈವತ್ತು ವ್ಯಾಟಿನದೆಂದು ಹೆಸರಿಟ್ಟ ಹೊಸ ಪೆಟ್ಟಿಗೆಯ ಬಿಡುಗಡೆಗೆ ಹತ್ತು ದಿನವಿರುವಾಗ, ಊಟದ ಕೋಣೆಯ ಗೋಡೆಗೆ ಒಂದು ಜಾಹೀರಾತು ಬಂತು. ಎರಡು ಕಂಬಗಳ ಚಿತ್ರ: ನಮ್ಮದು ಗೋಪುರದಂತೆ, ಪ್ರತಿಸ್ಪರ್ಧಿಯದು ಅದರ ಸೊಂಟಕ್ಕೂ ಬಾರದಂತೆ. ಜಿಯಾನ್ ಊಟದ ಡಬ್ಬಿ ಬದಿಗಿಟ್ಟು, ಕನ್ನಡಕವನ್ನು ಹಣೆಗೇರಿಸಿ ಹತ್ತಿರ ಹೋಗಿ ಓದಿದರು. ನಮ್ಮ ದಕ್ಷತೆ ನೂರಕ್ಕೆ ತೊಂಬತ್ತೊಂದು, ಅವರದು ಎಂಬತ್ತೊಂಬತ್ತು. ಕಂಬಗಳು ಹುಟ್ಟಿದ್ದೇ ಸೊನ್ನೆಯಿಂದಲ್ಲ, ಎಂಬತ್ತೆಂಟರಿಂದ. ಅದನ್ನಾದರೂ ಸಹಿಸುತ್ತಿದ್ದರೇನೋ. ನಮ್ಮದನ್ನು ಅಳೆದದ್ದು ಇಪ್ಪತ್ತೈದು ಡಿಗ್ರಿಯ ತಂಪಿನಲ್ಲಿ, ಅವರದನ್ನು ನಲವತ್ತೈದರ ಕಾವಿನಲ್ಲಿ. ಬೇರೆ ಬೇರೆ ಉದ್ದೇಶಕ್ಕೆ ಜಿಯಾನ್ ತಾವೇ ನಡೆಸಿದ್ದ ಎರಡು ಪರೀಕ್ಷೆಗಳನ್ನು ಯಾರೋ ತಂದು ಜೋಡಿಸಿದ್ದರು. ಕೆಳಗೆ, ಸಾಕ್ಷಿಯಾಗಿ, ಜಿಯಾನ್ ಅವರದೇ ಸಹಿ.

ಪ್ರಚಾರ ವಿಭಾಗದ ಯೋ ಅಲ್ಲೇ ನೂಡಲ್ಸ್ ತಿನ್ನುತ್ತಿದ್ದ.

"ಯೋ ಮ್ಯಾನೇಜರೇ, ಇದನ್ನ ತೆಗೆಸಿ."

"ಒಂದಾದ್ರೂ ಅಂಕಿ ಸುಳ್ಳಿದೆಯಾ, ಜಿಯಾನ್ ಅಕ್ಕ? ಎಲ್ಲ ನೀವೇ ಬರೆದಿದ್ದು."

"ಅಂಕಿ ಸುಳ್ಳಲ್ಲ. ಪಕ್ಕಪಕ್ಕ ನಿಲ್ಸಿದ್ದು ಸುಳ್ಳು."

"ಎಲ್ಲ ಕಂಪನಿಯವರೂ ಹೀಗೇ ಮಾಡೋದು. ನಮಗೊಬ್ಬರಿಗೇ ಯಾಕೆ ಈ ಮಡಿ?"

"ಹಾಗಾದ್ರೆ ಅವರ ಸಹಿನೇ ಹಾಕ್ಕೊಳ್ಳಿ. ನನ್ನದ್ಯಾಕೆ?"

ಯೋ ನಕ್ಕು ಬಟ್ಟಲು ಎತ್ತಿಕೊಂಡು ಹೋದ. ಜಾಹೀರಾತು ಹೋಟೆಲಿನ ಸಭಾಂಗಣಕ್ಕೆ, ಹತ್ತು ಪಟ್ಟು ದೊಡ್ಡದಾಗಿ ಹೋಯಿತು.

ಬಿಡುಗಡೆಯ ದಿನ ಜಿಯಾನ್ ಅದೇ ಕೋಟು ತೊಟ್ಟು, ಗಾಲಿಮೇಜೊಂದನ್ನು ತಳ್ಳಿಕೊಂಡು ಬಂದರು. ವೇದಿಕೆಯ ಕೆಳಗೆ, ಪತ್ರಕರ್ತರ ಮತ್ತು ಅಂಗಡಿಕಾರರ ಎದುರಿಗೆ, ನಮ್ಮ ಪೆಟ್ಟಿಗೆಯನ್ನೂ ಪ್ರತಿಸ್ಪರ್ಧಿಯದನ್ನೂ ಒಂದೇ ಗಾಜಿನ ಗೂಡಿನಲ್ಲಿಟ್ಟು, ಕಾವನ್ನು ನಲವತ್ತೈದಕ್ಕೇರಿಸಿ, ಎರಡರ ಮೇಲೂ, ಡಬ್ಬಿಯಲ್ಲಿ ಬರೆದಿದ್ದಂತೆ, ಏಳುನೂರೈವತ್ತು ವ್ಯಾಟಿನ ಭಾರ ಹೇರಿದರು. ಒಂಬತ್ತನೆಯ ನಿಮಿಷಕ್ಕೆ ನಮ್ಮದು 'ಟಕ್' ಎಂದು ನಿಂತಿತು. ಇನ್ನೊಂದು ಓಡುತ್ತಲೇ ಇತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಗಹಗಹಿಸಿ ನಕ್ಕ.

ಅವರ ಸಿಟ್ಟು ನಿಜವಾಗಿ ಸ್ಫೋಟಿಸಿದ್ದು ಆ ನಗುವಿಗೆ.

"ನಗಬೇಡ್ರೀ! ಇದು ಕೆಟ್ಟ ಮಾಲಲ್ಲ. ತಡೆಯೋಕಾಗದೆ ಇದ್ದಾಗ ಸುಟ್ಟುಹೋಗ್ದೆ, ಇನ್ನೊಬ್ಬರನ್ನೂ ಸುಡದೆ, ಮರ್ಯಾದೆಯಿಂದ ನಿಂತ್ಕೊಂಡಿದೆ. ಒಳ್ಳೆ ಆರುನೂರು ವ್ಯಾಟಿನ ಪೆಟ್ಟಿಗೆ. ಎರಡು ವರ್ಷ ಕೂತು ಮಾಡಿದೀವಿ. ಏಳುನೂರೈವತ್ತು ಅಂತ ಕರೆದು ಇದಕ್ಕೆ ಅವಮಾನ ಮಾಡ್ತಿರೋದು ಇವರು!"

ನಿಂತ ಪೆಟ್ಟಿಗೆಯನ್ನು ಕೊಂಚ ಆರಲು ಬಿಟ್ಟು, ಭಾರವನ್ನು ಆರುನೂರಕ್ಕಿಳಿಸಿ, ಮತ್ತೆ ಚಾಲೂ ಮಾಡಿದರು. ಸಭೆ ಮುರಿದು, ಅನಾನಸ್ ಕೇಕಿನ ತಟ್ಟೆಗಳು ಬರಿದಾಗುವವರೆಗೂ ಅದು ಒಂದೇ ಸಮನೆ ಓಡಿತು.

ಸೋಮವಾರ ಅವರನ್ನು ನೆಲಮಹಡಿಯ ಗೋದಾಮಿಗೆ, ಗ್ರಾಹಕರು ಹಿಂದಿರುಗಿಸಿದ ಮಾಲು ಬಿಚ್ಚಿ ನೋಡುವ ಕೆಲಸಕ್ಕೆ, ತಳ್ಳಿದರು. ಜಾಹೀರಾತಿನಿಂದ ಸಹಿ ಮಾಯವಾಯಿತು, ಕಂಬಗಳು ಉಳಿದವು. ಎರಡು ತಿಂಗಳ ಮೇಲೆ ಅದೇ ಪೆಟ್ಟಿಗೆ, ಒಂದು ತಿರುಪೂ ಬದಲಾಗದೆ, 'ಗ್ರಾಹಕರ ಅಪೇಕ್ಷೆಯ ಮೇರೆಗೆ ಪರಿಷ್ಕೃತ ಆವೃತ್ತಿ'ಯಾಗಿ, ಆರುನೂರು ವ್ಯಾಟೆಂಬ ಚೀಟಿ ಹೊತ್ತು ಮಾರುಕಟ್ಟೆಗೆ ಬಂತು. ಆ ದೂರದೃಷ್ಟಿಗಾಗಿ ವರ್ಷಾಂತ್ಯದ ಔತಣದಲ್ಲಿ ಯೋ ಮ್ಯಾನೇಜರಿಗೆ ಸನ್ಮಾನವೂ ಆಯಿತು! ನಾವು ಕುದಿಯುತ್ತ ಗೋದಾಮಿಗೆ ಹೋಗಿ ಸುದ್ದಿ ಹೇಳಿದೆವು. ಜಿಯಾನ್ ತಿರುಪು ಬಿಚ್ಚುತ್ತಲೇ ಕೇಳಿದರು:

"ಡಬ್ಬಿ ಮೇಲೆ ಏನಂತಿದೆ?"

"ಆರುನೂರು."

"ಹಾಂ. ಕಂಬ?"

"ಎಂಬತ್ತೆಂಟರಿಂದಲೇ."

"ಥೂ, ಲಜ್ಜೆಗೆಟ್ಟವರು," ಎಂದು ಮುಂದಿನ ಪೆಟ್ಟಿಗೆಯನ್ನೆಳೆದುಕೊಂಡರು.

ಇಂಥವರನ್ನು ಸಂಸ್ಥೆಗಳು ಮನೆಮುರುಕರೆನ್ನುತ್ತವೆ, ಹೊಗಳಿ ಮಾರುವವರನ್ನು ನಿಷ್ಠರೆನ್ನುತ್ತವೆ. ನನಗೆ ಇದು ತಲೆಕೆಳಗಾದ ಲೆಕ್ಕವೆಂದೇ ತೋರುತ್ತದೆ. ತಾನು ಮಾಡಿದ್ದನ್ನು ಇದ್ದದ್ದಕ್ಕಿಂತ ಹಿರಿದೆಂದು ಸಾರುವವನು, ಅದು ಇರುವಷ್ಟು ಸಾಲದೆಂದು ಒಳಗೊಳಗೇ ನಾಚಿದವನು. ಅದರ ನಿಜವಾದ ಅಳತೆಗಾಗಿ ಲೋಕದೆದುರು ಜಗಳಕ್ಕೆ ನಿಲ್ಲುವ ಹಟಮಾರಿಗಳು ಮಾತ್ರ ಅದನ್ನು ಮನಸಾರೆ ಪ್ರೀತಿಸಿದವರು.