ನಿನ್ನೆ ಭಾನುವಾರ

"ಕೈಕಾಲು ಸಡ್ಲ ಬಿಡು. ನೀರೇ ಹೊರ್ತೈತೆ," ಎಂದ ಓಂಕಾರ್, ಹೆಂಡತಿಯ ಬೆನ್ನಿನಡಿ ಅಂಗೈ ಹಿಡಿದು.

ಅರುಣಾಗೆ ನಗು ಬಂತು, ಭಯವೂ ಆಯಿತು. ಹೊಳೆಯಿಲ್ಲದ ಜಗಳೂರಿನ ಕಡೆ ಹುಟ್ಟಿದವಳು. ಮದುವೆಯಾಗಿ ಹೊಳೆದಂಡೆಯ ಗೋವಿನಕೋವಿಗೆ ಬರುವವರೆಗೂ ಸೊಂಟದ ಮಟ್ಟದ ನೀರಿಗೆ ಇಳಿದವಳಲ್ಲ. ಹೊಳೆಯಲ್ಲಿ ಬೆಳೆದ ಓಂಕಾರನಿಗೋ ಆ ಜಗಳೂರಿನಲ್ಲೇ ಹಾಸ್ಟೆಲಿನ ಅಡುಗೆ ಕೆಲಸ. ಹದಿನೈದು ದಿನಕ್ಕೊಂದು ಭಾನುವಾರ ಊರಿಗೆ ಬರುತ್ತಿದ್ದ. ಹೋದ ಸಲ ಬಂದಾಗ ಅವಳು ಕೆಲಸ ಮಾಡುವ ನ್ಯಾಮತಿಯ ಕಚೇರಿಯಿಂದ ಕರೆ ಬಂದಿತ್ತು. ಕಂಪ್ಯೂಟರಿಗೆ ಅಂಕಿಅಂಶ ತುಂಬಿ ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿ, ಅವನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ.

ದಡದ ಮೇಲೆ ಟವೆಲ್ಲಿನೊಳಗೆ ಫೋನು ಬಡಿದುಕೊಂಡಿತು.

"ನಿಮ್ಮ ಸಾಹೇಬ್ರೇ ಇರ್ಬೇಕು. ಹೋಗಿ ಎತ್ತು," ಎಂದ ಓಂಕಾರ್. "ಮುಂದಿನ ತಿಂಗ್ಳು ನಿನ್ನ ಗುತ್ತಿಗೆ ಮುಗೀತೈತೆ. ಸಿಟ್ಟಾದ್ರೆ ಹೆಂಗೆ?"

ಅವಳು ದಡದ ಕಡೆ ಎರಡು ಹೆಜ್ಜೆ ಹಾಕಿದಳು. ಫೋನು ನಿಂತಿತು. ಮತ್ತೆ ಶುರುವಾಯಿತು. ಅವಳು ತಿರುಗಿದಳು.

"ಇನ್ನೊಂದ್ಸಲ ಹಿಡ್ಕಳ್ರಿ," ಎಂದು ಹಿಂದಕ್ಕೆ ಒರಗಿದಳು.

ಕಿವಿಗಳು ನೀರಲ್ಲಿ ಮುಳುಗಿದವು. ಫೋನು ಇನ್ನೂ ಕೂಗುತ್ತಿತ್ತೋ ಇಲ್ಲವೋ. ತನ್ನದೇ ಉಸಿರು ಎಲ್ಲೋ ದೂರದಿಂದ ಕೇಳುತ್ತಿತ್ತು. ಮೇಲೆ ಗರುಡವೊಂದು ರೆಕ್ಕೆ ಆಡಿಸದೆ ಸುತ್ತುತ್ತಿತ್ತು, ಅಥವಾ ಅದು ನಿಂತಲ್ಲೇ ನಿಂತು ಹೊಳೆಯೇ ಸುತ್ತುತ್ತಿತ್ತು. ಗಂಡ ಯಾವಾಗ ಕೈ ತೆಗೆದನೋ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ಸಾಹೇಬರು ಮುರುಗೇಶಪ್ಪನವರು ಅವಳ ಮುಂದೆ ಬಿಳಿ ಹಾಳೆ ಸರಿಸಿದರು. "ಹನ್ನೆರಡು ಸಲ ಫೋನ್ ಮಾಡಿದೀನಿ. ಯಾಕೆ ಎತ್ಲಿಲ್ಲ ಅಂತ ಬರ್ದು ಕೊಡ್ರಿ."

ಬಸ್ಸಿನಲ್ಲಿ ಬರುವಾಗ ಜ್ವರವೆಂದು ಹೇಳಲು ಯೋಚಿಸಿದ್ದಳು. ಪೆನ್ನು ಹಿಡಿದಾಗ ಆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. 'ನಿನ್ನೆ ಭಾನುವಾರ. ನಾನು ಗಂಡನ ಜೊತೆ ಇದ್ದೆ,' ಎಂದಷ್ಟೇ ಬರೆದು ಸಹಿ ಹಾಕಿದಳು.

ಅವರು ಎರಡು ಸಲ ಓದಿದರು.

"ಬಸವಾಪಟ್ಟಣದಾಗೆ ಮೊಮ್ಮಗಳ ನಾಮಕರಣ ಇತ್ತಮ್ಮ ನಿನ್ನೆ," ಎಂದರು ಕೊನೆಗೆ. "ಮೇಲಿನೋರು ಫೋನ್ ಮಾಡಿದ್ರು. ನೀವು ಎತ್ಲಿಲ್ಲ. ಊಟದ ಎಲೆ ಮುಂದೆ ಕುಂತೋನು ಎದ್ದು ಆಫೀಸಿಗೆ ಬಂದು ನಾನೇ ಎಲ್ಲ ತುಂಬಿದೆ. ಕೂಸಿಗೆ ಏನು ಹೆಸ್ರಿಟ್ರು ಅಂತ ರಾತ್ರಿ ಕೇಳಿ ತಿಳ್ಕಂಡೆ."

ಅರುಣಾ ತಲೆ ತಗ್ಗಿಸಿದಳು. "ಏನು ಹೆಸ್ರು ಸರ್?"

"ಇಂಚರ," ಎಂದರು. ಹಾಳೆಯನ್ನು ಫೈಲಿಗೆ ಹಾಕದೆ, ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಎಲ್ಲಿಗೆ ಹೋಗಿದ್ರಿ ಇಬ್ರೂ?"

"ಹೊಳೆಗೆ ಸರ್. ತೇಲಾಕೆ ಕಲೀತಿದ್ದೆ."

"ಬಂತಾ?"

"ಸ್ವಲ್ಪ ಹೊತ್ತು ಬಂತು ಸರ್."

ಅವರು ಕನ್ನಡಕ ತೆಗೆದು ಕಿಟಕಿಯ ಕಡೆ ನೋಡಿದರು. ಅಂಗಳದ ಹೊಂಗೆ ಸದ್ದಿಲ್ಲದೆ ಹೂ ಉದುರಿಸುತ್ತಿತ್ತು. ಆಗಷ್ಟೇ ಗುಡಿಸಿದ್ದ ನೆಲ ಮತ್ತೆ ಬೆಳ್ಳಗಾಗುತ್ತಿತ್ತು.