ಪಾರಣೆ ಕಾಣದ ಉಪವಾಸ

"ಏ ಪೆಂಕಾ! ನಿನ್ನ ಎಡಗಾಲಿನ ಚಪ್ಪಲಿ ಎಲ್ಲೇ?"

ಪಕ್ಕದ ಮನೆಯ ನೆವೆನಾ ಗೋಡೆಯಾಚೆಯಿಂದ ಕೂಗಿದಾಗಲೇ ಪೆಂಕಾ ತನ್ನ ಕಾಲು ನೋಡಿಕೊಂಡದ್ದು. ಎಡಗಾಲು ಬರಿಗಾಲು! ಚಪ್ಪಲಿ ಹಿಂದೆ ನಲ್ಲಿಯ ಹತ್ತಿರ ಮಗುಚಿ ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಜಲ್ಲಿಕಲ್ಲಿನ ಮೇಲೆ ನಡೆದು ಬಂದಿದ್ದಾಳೆ, ಪುಣ್ಯಾತ್ಗಿತ್ತಿಗೆ ಒಂದು ಕಲ್ಲೂ ಚುಚ್ಚಿದ ಹಾಗಿಲ್ಲ.

"ಸೆಕೆ ಅಂತ ನಾನೇ ಬಿಟ್ಟೆ" ಎಂದಳು.

"ಸೆಪ್ಟೆಂಬರ್ ಕೊನೇಲಿ ಸೆಕೆನಾ? ಯಾರ ಕಿವಿ ಮೇಲೆ ಹೂ ಇಡ್ತಿದೀಯ?"

"ಸರಿ ಕಣೇ, ಪಾದ ಸ್ವಲ್ಪ ಜೋಮು ಹಿಡಿದಿದೆ. ಅದೇನೂ ರೋಗ ಅಲ್ಲ. ಹಳೇ ವಿಷ ಎಲ್ಲ ಕಾಲಿನ ಮೂಲಕ ಇಳೀತಾ ಇದೆ. ಎಲ್ಲ ಇಳಿದ ಮೇಲೆ ಸರಿಹೋಗುತ್ತೆ."

"ವಿಷ ಇಳಿಯೋಕೆ ವರ್ಷಗಟ್ಟಲೆ ಬೇಕಾ? ನಿನ್ನೊಳಗೇನು ಹಾವಿನ ಹುತ್ತ ಇದೆಯಾ? ಸೊಪ್ಪು ಮೇಯ್ದು ಮೇಯ್ದು ಮೇಕೆ ಆಗಿಬಿಟ್ಟಿದೀಯ. ಒಂದು ಮೊಟ್ಟೆ ತಿನ್ನು. ಡಾಕ್ಟರ ಹತ್ತಿರ ಹೋಗು."

"ಡಾಕ್ಟರ ಹತ್ತಿರ ಹೋದ ನನ್ನ ಆಸೆನ್ ಏನಾದ? ಹಿಡಿ ಹಿಡಿ ಮಾತ್ರೆ ನುಂಗಿದ. ಉಳಿದನಾ?"

ನೆವೆನಾ ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳ ಜಾಯಮಾನಕ್ಕೆ ಅದು ಒಗ್ಗದು. "ಆಸೆನ್ ಇದ್ದಿದ್ದರೆ ನಿನ್ನನ್ನ ಎಳಕೊಂಡೇ ಹೋಗ್ತಿದ್ದ" ಎಂದುಬಿಟ್ಟಳು.

"ನನ್ನ ಗಂಡನ ಹೆಸರು ನಿನ್ನ ಬಾಯಲ್ಲಿ ಬರೋದು ಬೇಡ" ಎಂದು ಪೆಂಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂವತ್ತು ವರ್ಷದ ಗೆಳೆತನ ಅಷ್ಟಕ್ಕೇ ನಿಂತಿತು. ಗೋಡೆಯ ಆಚೆ ಒಬ್ಬಳು, ಈಚೆ ಒಬ್ಬಳು.

ಈಗ ನ್ಯಾಯವಾಗಿ ಹೇಳಬೇಕೆಂದರೆ, ಪೆಂಕಾಳ ಊಟದಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಮಣ್ಣಿನ ಮಡಕೆಯಲ್ಲಿ ಬೆಂದ ಹುರುಳಿಕಾಯಿ ಬೀಜ, ಬೆಂದ ಮೇಲೆ ತುರಿಸದ ತುರಿಕೆ ಸೊಪ್ಪಿನ ಸಾರು, ಸುಟ್ಟ ಕೆಂಪು ಮೆಣಸಿನಕಾಯಿಯ ಗೊಜ್ಜು, ಅಕ್ರೋಟು, ಸೇಬು. ಇದನ್ನು ತಿನ್ನತೊಡಗಿದ ಮೇಲೆ ಅವಳ ಎದೆಯುರಿ ಹೋಗಿತ್ತು, ಮೈ ಹಗುರಾಗಿತ್ತು. ಬಲ್ಗೇರಿಯಾದ ಬೆಟ್ಟದ ಊರುಗಳಲ್ಲಿ ಇದು ಹೊಸದೂ ಅಲ್ಲ. ಈಸ್ಟರ್ ಮುಂಚಿನ ದೊಡ್ಡ ಉಪವಾಸದಲ್ಲಿ ಭಕ್ತರ ಮನೆಗಳಲ್ಲೆಲ್ಲ ಹೀಗೇ ಉಣ್ಣುವುದು. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಆಸೆನ್ ತೀರಿಕೊಂಡ ವರ್ಷ ಪೆಂಕಾಳೂ ಎಲ್ಲರ ಹಾಗೆ ಉಪವಾಸ ಹಿಡಿದಳು. ಈಸ್ಟರ್ ಬಂತು, ಊರಿನವರೆಲ್ಲ ಪಾರಣೆ ಮಾಡಿದರು. ಪೆಂಕಾ ಮಾಡಲಿಲ್ಲ. ಆಮೇಲೆ ಮೂರು ಈಸ್ಟರ್ ಬಂದು ಹೋದವು, ಅವಳ ಉಪವಾಸ ಹಾಗೇ ನಡೆದಿತ್ತು.

ಕೇಳಿದವರಿಗೆಲ್ಲ ಒಂದೇ ಉತ್ತರ: "ನಮ್ಮಜ್ಜಿ ಉಪವಾಸ ಮಾಡಿಯೇ ತೊಂಬತ್ತು ದಾಟಿದಳು. ಅವಳಿಗೆ ಯಾವ ಮಾತ್ರೆ ಇತ್ತು?"

ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಫೋನಿನ ವಿಡಿಯೋಗಳಲ್ಲಿ ಒಬ್ಬ ಗುರು ಇದ್ದ. ಗಿಡಮೂಲಿಕೆಯ ಬಗ್ಗೆ, ದೇಹ ತನ್ನನ್ನು ತಾನೇ ವಾಸಿ ಮಾಡಿಕೊಳ್ಳುವ ಬಗ್ಗೆ ದಿನವೂ ಮಾತಾಡುತ್ತಿದ್ದ. ಪೆಂಕಾ ಬಟ್ಟೆ ಹೊಲಿಯುತ್ತ ಅವನ ಮಾತು ಹಾಕಿಕೊಳ್ಳುತ್ತಿದ್ದಳು. ಅವನು ಹೇಳಿದ್ದೆಲ್ಲ ಅವಳ ತಲೆಗೆ ಹೋಗುತ್ತಿತ್ತು ಎಂದಲ್ಲ. ಅವನು "ನನ್ನ ಪ್ರೀತಿಯ ಗೆಳತಿಯರೇ" ಎಂದು ಶುರು ಮಾಡುತ್ತಿದ್ದ. ಪೆಂಕಾಳನ್ನು ಪ್ರೀತಿಯಿಂದ ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ.

ಜೋಮು ಪಾದದಿಂದ ಬೆರಳಿಗೂ ಬಂತು. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡಾಗಲೇ ತಿಳಿಯುತ್ತಿತ್ತು. ನಾಲಿಗೆ ಉರಿಯುತ್ತಿತ್ತು. ಕತ್ತಲಾದರೆ ಗೋಡೆ ಹಿಡಿಯದೆ ನಡೆಯಲು ಭಯ. ಹೊಲಿಗೆ ಹೋದರೆ ಅನ್ನ ಹೋಯಿತು, ಕಾಲು ಹೋದರೆ ಇರುವ ಒಂಟಿ ಬಾಳೂ ಹೋಯಿತು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ "ವಿಷ ಇಳೀತಾ ಇದೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅಕ್ಟೋಬರಿನಲ್ಲಿ ಸಂತ ಪೆಟ್ಕಾಳ ಹಬ್ಬ ಬಂತು. ಆ ಸಂತಳ ಹೆಸರಿಟ್ಟುಕೊಂಡವರಿಗೆಲ್ಲ ಅದು ಹೆಸರಿನ ದಿನ, ಪೆಂಕಾ ಅನ್ನುವುದೂ ಅದೇ ಹೆಸರಿನ ಇನ್ನೊಂದು ರೂಪ. ಹೆಸರಿನ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿಟ್ಟು ಅಡುಗೆ ಮಾಡಿ ಕೂರಬೇಕು, ಜನ ತಾವಾಗಿ ಬರುತ್ತಾರೆ. ಕರೆದಿಲ್ಲ ಅಂತ ಮುನಿಸಿಕೊಳ್ಳುವ ಹಾಗೂ ಇಲ್ಲ, ಬಂದಿಲ್ಲ ಅಂತ ಹೇಳಿ ಕಳಿಸುವ ಹಾಗೂ ಇಲ್ಲ.

ಆ ದಿನ ಹೆಂಗಸರು ಸೂಜಿ ಮುಟ್ಟುವುದಿಲ್ಲ. ಪೆಂಕಾ ಬೆಳಗಿನಿಂದ ಅಡುಗೆಗೇ ನಿಂತಳು. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ತುಂಬಿ ಸುರುಳಿ ಸುತ್ತಿದಳು. ಬೆರಳು ಹಿಡಿತಕ್ಕೆ ಬಾರದೆ ಅರ್ಧ ಸುರುಳಿ ಬಿಚ್ಚಿಕೊಂಡವು, ಮತ್ತೆ ಸುತ್ತಿದಳು. ಸಿಹಿಗುಂಬಳ ತುಂಬಿದ ಪದರು ಹೋಳಿಗೆ ಬೇಯಿಸಿದಳು. ಬಂದವರಿಗೆಂದು ಆಸೆನ್ ಕಾಲದ ಪ್ಲಮ್ ಸಾರಾಯಿಯ ಸೀಸೆ ಒರೆಸಿಟ್ಟಳು. ಮೇಜಿಗೆ ಎಂಟು ತಟ್ಟೆ ಹಾಕಿದಳು.

ಮಧ್ಯಾಹ್ನವಾಯಿತು. ಬೀದಿಯಲ್ಲಿ ಹೆಜ್ಜೆ ಸಪ್ಪಳ ಬರುತ್ತಿತ್ತು, ಬಾಗಿಲ ಮುಂದೆ ಬಂದು ಹಾಗೇ ಮುಂದೆ ಹೋಗುತ್ತಿತ್ತು. ಮೂಲೆಯ ಅಂಗಡಿಯ ಪೆಟ್ಕೋಗೂ ಅಂದೇ ಹೆಸರಿನ ದಿನ, ಅವನ ಮನೆಯಿಂದ ಹುಂಜದ ಸಾರಿನ ವಾಸನೆ, ನಗು, ಹಾಡು. ಜನರದ್ದೂ ಪೂರ್ತಿ ತಪ್ಪಲ್ಲ ಬಿಡಿ. ಹಿಂದಿನ ವರ್ಷ ಬಂದವರಿಗೆಲ್ಲ ಪೆಂಕಾ ಮಾಂಸ ಹೊಟ್ಟೆಯೊಳಗೆ ಹೇಗೆ ಕೊಳೆಯುತ್ತದೆ ಎಂದು ವಿವರಿಸಿದ್ದಳು, ಅದೂ ಅವರು ತುತ್ತು ಬಾಯಿಗಿಡುವ ಹೊತ್ತಿಗೆ. ಹೊಟ್ಟೆಯೊಳಗಿನ ಪಾಠ ಕೇಳಲು ಯಾರು ತಾನೇ ಎರಡನೇ ಸಲ ಬರುತ್ತಾರೆ?

ಬೇಸರಕ್ಕೆ ಫೋನಿನಲ್ಲಿ ವಿಡಿಯೋ ಹಾಕಿದಳು. "ನನ್ನ ಪ್ರೀತಿಯ ಗೆಳತಿಯರೇ" ಎಂದ ಗುರು. ಎಂಟು ಖಾಲಿ ತಟ್ಟೆಯ ಮುಂದೆ ಆ ಮಾತು ಕೇಳಲಾಗಲಿಲ್ಲ. ಆರಿಸಿ, ಮುಖ ಮುಚ್ಚಿಕೊಂಡು ಅತ್ತಳು.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೆವೆನಾ! ಕೈಯಲ್ಲಿ ಸೇವಂತಿಗೆ ಹೂ. ಪಕ್ಕದಲ್ಲಿ ಅವಳ ತಂಗಿಯ ಮಗಳು ಕಲಿನಾ, ಕೆಳಗಿನ ಪೇಟೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್.

"ಹೆಸರಿನ ದಿನ, ಕರೀದೇ ಬಂದಿದೀನಿ. ಓಡಿಸೋದಿದ್ರೆ ಊಟ ಹಾಕಿ ಓಡಿಸು" ಎಂದಳು ನೆವೆನಾ.

ಪೆಂಕಾ ಕುರ್ಚಿ ಎಳೆದಳು. ಕಲಿನಾ ಕೂತವಳೇ ಎಲೆಸುರುಳಿ ತಿಂದಳು, ಕಾಳು ತಿಂದಳು, ಹೋಳಿಗೆ ಎರಡು ಸಲ ಹಾಕಿಸಿಕೊಂಡಳು. "ಚಿಕ್ಕಮ್ಮ, ಹಬ್ಬದ ಮನೇಲಿ ನಾನು ಹೊಟ್ಟೆ ತುಂಬ ತಿಂದು ಯಾವ ಕಾಲ ಆಯ್ತೋ! ನಾನೂ ನಿಮ್ಮ ಹಾಗೇ. ಮಾಂಸ, ಹಾಲು, ಮೊಟ್ಟೆ ಏನೂ ಮುಟ್ಟಲ್ಲ. ಎಲ್ಲಿ ಹೋದ್ರೂ ನಂಗೆ ಬರೀ ಸಲಾಡೇ ಗತಿ."

ಪೆಂಕಾಳ ಮುಖ ಅರಳಿತು. "ಕೇಳಿದ್ಯೇನೇ ನೆವೆನಾ? ನರ್ಸೇ ಹೇಳ್ತಿದಾಳೆ!"

"ಇರು, ಅವಳು ಇನ್ನೂ ಮುಗಿಸಿಲ್ಲ" ಎಂದಳು ನೆವೆನಾ.

"ಆದ್ರೆ ಚಿಕ್ಕಮ್ಮ, ಬಿ-ಹನ್ನೆರಡು ಜೀವಸತ್ವ ಯಾವುದು ತಗೋತೀರಿ? ನಾನು ವಾರಕ್ಕೊಂದು ಮಾತ್ರೆ ತಗೋತೀನಿ."

"ಮಾತ್ರೆ ಯಾಕೆ? ಅದು ಮಣ್ಣಿಂದ ಬರುತ್ತಂತೆ. ಕ್ಯಾರೆಟ್ ತೊಳೀದೇ ತಿಂದ್ರೆ ಸಾಕಂತೆ."

"ತೊಳೀದೇ ಇರೋ ಕ್ಯಾರೆಟ್‌ನಿಂದ ಬರೋದು ಜಂತುಹುಳ ಚಿಕ್ಕಮ್ಮ."

ನೆವೆನಾ ಕಿಸಕ್ಕನೆ ನಕ್ಕಳು. ಕಲಿನಾ ಅವಳನ್ನು ಕಣ್ಣಲ್ಲೇ ಗದರಿದಳು. "ಕೇಳಿ. ಈ ಜೀವಸತ್ವ ತಯಾರಿಸೋದು ಸೂಕ್ಷ್ಮಜೀವಿಗಳು. ಕುರಿ, ಹಸುಗೆ ಅವು ಹೊಟ್ಟೇಲೇ ತಯಾರಿಸಿ ಕೊಡ್ತವೆ. ನಮಗೆ ಆ ಭಾಗ್ಯ ಇಲ್ಲ. ಸೊಪ್ಪು, ಕಾಳು, ಹುಳಿ ಬರಿಸಿದ ಎಲೆಕೋಸು, ಯಾವುದನ್ನ ನಂಬಿದ್ರೂ ಬೇಕಾದಷ್ಟು ಸಿಗಲ್ಲ. ಅದಿಲ್ಲದೆ ನರ ಸೊರಗುತ್ತೆ. ಕಾಲು ಜೋಮು, ನಾಲಿಗೆ ಉರಿ, ಮರೆವು, ತೂರಾಟ ಎಲ್ಲ ಬರಬಹುದು."

"ಹಾಗಾದ್ರೆ ನಮ್ಮಜ್ಜಿ?"

"ನಿಮ್ಮಜ್ಜಿ ಈಸ್ಟರ್ ದಿನ ಏನು ತಿಂತಿದ್ರು?"

ಪೆಂಕಾ ಒಪ್ಪಿಕೊಳ್ಳಲೇಬೇಕಾಯಿತು. ಅಜ್ಜಿ ಈಸ್ಟರ್ ದಿನ ಮೊಟ್ಟೆ ತಿನ್ನುತ್ತಿದ್ದಳು, ಕುರಿಮಾಂಸ ತಿನ್ನುತ್ತಿದ್ದಳು. ಉಪವಾಸ ಬಿಟ್ಟು ಉಳಿದ ದಿನಗಳಲ್ಲಿ ಮೊಸರಿಲ್ಲದೆ ಊಟಕ್ಕೇ ಕೂರುತ್ತಿರಲಿಲ್ಲ.

"ನೋಡಿದ್ರಾ? ಅವರ ಉಪವಾಸಕ್ಕೆ ಪಾರಣೆ ಇತ್ತು. ಪಿತ್ತಜನಕಾಂಗ ಈ ಜೀವಸತ್ವಾನ ಕೆಲವು ವರ್ಷಕ್ಕಾಗೋಷ್ಟು ಕೂಡಿಟ್ಟಿರುತ್ತೆ. ಅವರ ಗಂಟು ಮತ್ತೆ ಮತ್ತೆ ತುಂಬ್ತಿತ್ತು. ನಿಮ್ಮದು ಕರಗ್ತಾನೇ ಹೋಗಿರಬೇಕು. ಎಲ್ಲಿ, ಎದ್ದು ನಿಂತು ಪಾದ ಎರಡೂ ಜೋಡಿಸಿ. ನಾವು ಹಿಡ್ಕೋತೀವಿ. ಕಣ್ಣು ಮುಚ್ಚಿ."

ಪೆಂಕಾ ಕಣ್ಣು ಮುಚ್ಚಿದಳು. ಮುಚ್ಚಿದ್ದೇ ತಡ ನೆಲ ಎಲ್ಲಿದೆ ಎಂದೇ ತಿಳಿಯದೆ ವಾಲಿದಳು. ಇಬ್ಬರೂ ಹಿಡಿಯದಿದ್ದರೆ ಮೇಜಿನ ಮೇಲೆ ಬೀಳುತ್ತಿದ್ದಳು.

"ಇದು ವಿಷ ಇಳಿಯೋದಲ್ಲ ಚಿಕ್ಕಮ್ಮ" ಎಂದಳು ಕಲಿನಾ, ಮೆಲ್ಲಗೆ. "ಬಿ-ಹನ್ನೆರಡೇ ಅಂತ ರಕ್ತ ನೋಡದೆ ನಾನು ಹೇಳಲಾರೆ. ಸಕ್ಕರೆ ಕಾಯಿಲೆಯಿಂದ್ಲೂ ಹೀಗಾಗುತ್ತೆ. ಆದ್ರೆ ತಡ ಮಾಡಿದ್ರೆ ಕೆಟ್ಟ ನರ ಮತ್ತೆ ಸರಿಹೋಗದೇ ಇರಬಹುದು."

"ಹಟಮಾರಿ! ಆ ಉಪವಾಸಾನ ಅವತ್ತೇ ಮುರಿಯೋಕೆ ಏನಾಗಿತ್ತು ನಿಂಗೆ?" ಎಂದಳು ನೆವೆನಾ.

ಪೆಂಕಾ ಕುರ್ಚಿಯಲ್ಲಿ ಕೂತಳು. ಆಮೇಲೆ ಹೇಳಿದಳು. "ಅವನು ಹೋದ ವರ್ಷ ಈಸ್ಟರ್‌ಗೆ ಎರಡು ಮೊಟ್ಟೆಗೆ ಬಣ್ಣ ಹಾಕಿದೆ ಕಣೇ. ಒಂದು ಅವನಿಗೆ, ಒಂದು ನನಗೆ. ಪ್ರತಿ ವರ್ಷ ಮೊಟ್ಟೆಗೆ ಮೊಟ್ಟೆ ಕುಟ್ಟಿ, ಯಾರ ಮೊಟ್ಟೆ ಒಡೀತೋ ಅವರನ್ನ ಅಣಕಿಸಿ, ಆಮೇಲೆ ತಿಂತಿದ್ವಿ. ಆ ವರ್ಷ ಯಾರ ಜೊತೆ ಕುಟ್ಟಲಿ? ಎಡಗೈಗೂ ಬಲಗೈಗೂ ಕುಟ್ಟಿಸ್ಲಾ? ಎರಡನ್ನೂ ಅವನ ಗೋರಿ ಮೇಲಿಟ್ಟು ಬಂದೆ. ಪಾರಣೆ ಆಗ್ಲಿಲ್ಲ. ಜನ ಕೇಳಿದ್ರು. ಒಂಟಿ ಆಗಿದೀನಿ ಅಂತ ಹೇಳೋಕೆ ನಾಚಿಕೆ ಆಯ್ತು. ಆರೋಗ್ಯಕ್ಕೆ ಒಳ್ಳೇದು ಅಂದೆ. ಹೇಳ್ತಾ ಹೇಳ್ತಾ ನಾನೇ ನಂಬಿದೆ."

ನೆವೆನಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಗೋಡೆ ಹಾರಿ ಬರಬಾರದಿತ್ತಾ, ಮಾರಾಯ್ತಿ?"

"ನಿನ್ನ ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ನೀನೂ ಕೂಗಲಿಲ್ಲ."

"ಕೂಗಲಿಲ್ಲ" ಎಂದು ನೆವೆನಾ ಒಪ್ಪಿಕೊಂಡಳು. "ಅಳ್ತಿರೋ ಮನೆಗೆ ನಗ್ತಾ ಹೇಗೆ ಹೋಗೋದು ಅಂತ ಸುಮ್ಮನಾದೆ. ನನ್ನ ತಪ್ಪು ಕಣೇ."

ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಕಲಿನಾ ಬುದ್ಧಿವಂತೆ, ಸದ್ದಿಲ್ಲದೆ ತಟ್ಟೆ ಎತ್ತಿಟ್ಟಳು.

ಮಾರನೆಯ ದಿನ ಆರೋಗ್ಯ ಕೇಂದ್ರದ ಮೆಟ್ಟಿಲಲ್ಲಿ ಪೆಂಕಾ ನಿಂತುಬಿಟ್ಟಳು. ಆಸೆನ್‌ನನ್ನು ಕೊನೆಯ ಸಲ ಕರೆತಂದದ್ದು ಈ ಬಾಗಿಲಿಗೇ. "ನಂಗಾಗಲ್ಲ" ಎಂದಳು. ನೆವೆನಾ ಎಳೆಯಲಿಲ್ಲ. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಆಗೋವರೆಗೂ ಕೂತಿರೋಣ. ನನಗೇನು ಅವಸರ?" ಎಂದಳು. ಸ್ವಲ್ಪ ಹೊತ್ತಿಗೆ ಪೆಂಕಾ ತಾನೇ ಎದ್ದಳು.

ಒಳಗಿದ್ದ ಡಾಕ್ಟರಮ್ಮ ಬೈಯಲಿಲ್ಲ. ಪೆಂಕಾ ಕುಡಿಯುವ ಕಷಾಯಗಳನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ರಕ್ತದ ಫಲಿತಾಂಶ ಬಂತು. ಸಕ್ಕರೆ ಸರಿಯಿತ್ತು, ಬಿ-ಹನ್ನೆರಡು ತಳ ಸೇರಿತ್ತು. "ಊಟ ಬದಲಿಸಲೇಬೇಕು ಅಂತ ನಾನು ಹೇಳಲ್ಲ" ಎಂದರು. "ಸೊಪ್ಪು ಕಾಳು ತಿನ್ನಿ, ಒಳ್ಳೇದು. ಅದರಲ್ಲಿ ಇಲ್ಲದ್ದನ್ನ ಮಾತ್ರ ಹೊರಗಿಂದ ತಗೋಬೇಕು."

ಸಿರಿಂಜಿನಲ್ಲಿದ್ದ ಔಷಧಿ ಕೆಂಪಗಿತ್ತು. "ಇದು ಯಾವ ಪ್ರಾಣಿದು?" ಎಂದು ಪೆಂಕಾ ಕೈ ಹಿಂದೆಳೆದಳು. "ಯಾವ ಪ್ರಾಣಿದೂ ಅಲ್ಲ ಚಿಕ್ಕಮ್ಮ. ಸೂಕ್ಷ್ಮಜೀವಿಗಳನ್ನ ಬೆಳೆಸಿ ಮಾಡಿದ್ದು. ಬಣ್ಣ ಅದರದ್ದೇ" ಎಂದಳು ಕಲಿನಾ. ಪೆಂಕಾ ತೋಳು ಕೊಟ್ಟಳು.

ಮೊದಲು ಮೇಲಿಂದ ಮೇಲೆ ಸೂಜಿಮದ್ದು, ಆಮೇಲೆ ದೂರ ದೂರಕ್ಕೆ. ನಾಲಿಗೆ ಉರಿ ಬೇಗ ಹೋಯಿತು. ಬೆರಳಿಗೆ ನಿಧಾನಕ್ಕೆ ಸೂಜಿ ತಿಳಿಯತೊಡಗಿತು. ಕಾಲು ಮಾತ್ರ ಸತಾಯಿಸಿತು. ಎಡಗಾಲಿನ ಎರಡು ಬೆರಳು ಇವತ್ತಿಗೂ ಮರಗಟ್ಟಿಯೇ ಇವೆ. ತಡವಾಗಿ ಬಂದಿರಿ, ಅವು ಹಾಗೇ ಉಳಿಯಬಹುದು ಎಂದಿದ್ದಾರೆ ಡಾಕ್ಟರಮ್ಮ.

ಜನವರಿಯ ಒಂದು ಬೆಳಿಗ್ಗೆ ಪೆಂಕಾ ಸೌದೆ ತರಲು ಅಂಗಳಕ್ಕಿಳಿದಳು. ಮೊಣಕಾಲುದ್ದ ಹಿಮ. ಬೂಟಿನೊಳಕ್ಕೆ ಹಿಮ ನುಗ್ಗಿತು.

"ಅಯ್ಯಯ್ಯೋ! ಅಯ್ಯೋ ನೆವೆನಾ!"

ಬಿದ್ದೇ ಬಿಟ್ಟಳೇನೋ ಎಂದು ನೆವೆನಾ ಒಲೆಯ ಮೇಲಿನ ಕಾಫಿ ಬಿಟ್ಟು ಓಡಿ ಬಂದಳು. "ಏನಾಯ್ತೇ?"

"ಕಾಲಿಗೆ ಚಳಿ ಕೊರೀತಿದೆ ಕಣೇ!"

"ಹಿಮದಲ್ಲಿ ನಿಂತ್ರೆ ಕೊರೀದೆ ಬೆಚ್ಚಗಿರುತ್ತಾ? ನನ್ನ ಕಾಫಿ ಉಕ್ಕಿಸಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವಳಿಗೆ ಅರ್ಥವಾಗಿತ್ತು. ಕಣ್ಣು ತುಂಬಿತು. "ಸಾಕು, ಒಳಗೆ ಬಾರೇ" ಎಂದಳು.

"ಇರು. ಇನ್ನೊಂಚೂರು ನಿಲ್ತೀನಿ" ಎಂದಳು ಪೆಂಕಾ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿರ ನೇರವಾಗಿ ಒಂದು ಮಾತು. ಸೊಪ್ಪು, ಕಾಳು, ಹಣ್ಣಿನ ಊಟ ಒಳ್ಳೆಯ ಊಟ. ಅದನ್ನು ಬಿಡಿ ಎಂದು ಈ ಕಥೆ ಹೇಳುತ್ತಿಲ್ಲ. ಹಾಲು, ಮೊಸರು, ಮೊಟ್ಟೆಯನ್ನೂ ಬಿಟ್ಟವರು ಬಿ-ಹನ್ನೆರಡನ್ನು ಮಾತ್ರ ಬಿಡಬೇಡಿ. ಎಷ್ಟು ತೆಗೆದುಕೊಳ್ಳಬೇಕು ಎಂದು ಡಾಕ್ಟರನ್ನೋ ನರ್ಸನ್ನೋ ಕೇಳಿ. ಕೈಕಾಲು ಜೋಮು ಹಿಡಿದು ಬಿಡದಿದ್ದರೆ ವಿಷ ಇಳಿಯುತ್ತಿದೆ ಎಂದು ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳದೆ ಮುಚ್ಚಿಡಬೇಡಿ, ಅದನ್ನು ನೆಚ್ಚಿಕೊಂಡು ಅವರು ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು, ನಿಮ್ಮ ಬೀದಿಯಲ್ಲೂ ಒಬ್ಬರು ಊಟದ ಪಂಕ್ತಿಯಿಂದ ಎದ್ದು ದೂರ ಹೋಗಿರಬಹುದು. ಅವರ ನೇಮ ನಿಮಗೆ ಹುಚ್ಚಾಟ ಅನ್ನಿಸಬಹುದು. ಇವತ್ತೇ ಹೋಗಿ ಅವರ ಬಾಗಿಲು ತಟ್ಟಿ. ಅವರು ಬಡಿಸಿದ್ದನ್ನು ಮೊದಲು ಹೊಟ್ಟೆ ತುಂಬ ಉಣ್ಣಿ. ಬುದ್ಧಿ ಹೇಳುವುದು ಆಮೇಲಿರಲಿ.